ಕಿಟ್ಟುವಿನ ಕಾರು ಬೆಟ್ಟ ಹತ್ತಿದ್ದು

ಮೈಸೂರಿನವರು ಬೆಟ್ಟ ಹತ್ತುವುದು ಚಾಮುಂಡಿಗೆ ಕೈಮುಗಿಯಲಿಕ್ಕೆ. ಬೆಂಗಳೂರಿನವರು ನಂದಿಬೆಟ್ಟ ಹತ್ತುವುದು ಸೂರ್ಯ ಹುಟ್ಟುವುದನ್ನು ನೋಡಲಿಕ್ಕೆ. ಮಂಜಿನಲ್ಲಿ ಸೂರ್ಯ ಕಾಣದೆ, ಒಬ್ಬರ ಫೋಟೋ ಒಬ್ಬರು ತೆಗೆದುಕೊಂಡು, ಇಡ್ಲಿ ತಿಂದು ಇಳಿಯುತ್ತಾರೆ. ಕೊಯಮತ್ತೂರಿನವರಿಗೆ ಸೆಕೆಯಾದರೆ ಊಟಿಯಿದೆ, ಮಧುರೆಯವರಿಗೆ ಕೊಡೈಕನಾಲ್ ಇದೆ. ಹೀಗೆ ದಕ್ಷಿಣದ ಊರುಗಳೆಲ್ಲ ಪಕ್ಕದಲ್ಲೊಂದು ಬೆಟ್ಟ ಇಟ್ಟುಕೊಂಡು ಭಕ್ತಿಗೋ ತಂಪಿಗೋ ಹನಿಮೂನಿಗೋ ಬಳಸಿಕೊಳ್ಳುತ್ತಿರುವಾಗ, ಚೆನ್ನೈಯ ಕಿಟ್ಟು ಬೆಟ್ಟ ಹತ್ತಿದ್ದು ಕಾರು ನಿಲ್ಲಿಸಲಿಕ್ಕೆ. ನಗಬೇಡಿ. ನಗುವವರು ಒಂದು ಸಲ ಪೆರುಂಗುಡಿಯಲ್ಲಿ ಮಳೆಗಾಲ ಕಳೆದು ಬಂದು ಆಮೇಲೆ ನಗಲಿ.

ಕಿಟ್ಟು ಎಂದರೆ ಕೃಷ್ಣಮೂರ್ತಿ. ಪುರಸೈವಾಕ್ಕಂನಲ್ಲಿ ಹುಟ್ಟಿ, ನುಂಗಂಬಾಕ್ಕಂನ ಒಂದು ಕಚೇರಿಯಲ್ಲಿ ಕುರ್ಚಿ ಸವೆಸಿ, ನಿವೃತ್ತಿಯಾದ ಮೇಲೆ ಪೆರುಂಗುಡಿಯ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಗೆ ಬಂದು ಸೇರಿದ ಮಾಧ್ವ. ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದ ಮನೆತನವಾದ್ದರಿಂದ ಅವನ ಕನ್ನಡದಲ್ಲಿ ತಮಿಳು, ಸಾರಿನಲ್ಲಿ ಹುಣಸೆಹುಳಿಯ ಹಾಗೆ, ಬೆರೆತೇ ಹೋಗಿತ್ತು. ಮನೆಯಲ್ಲಿ ಮೂರೇ ಜನ: ಅವನು, ಹೆಂಡತಿ ವೃಂದಾ, ಮತ್ತು ಪಂಚಾಂಗವನ್ನು ಬಾಯಲ್ಲೇ ಇಟ್ಟುಕೊಂಡಿರುವ ತಾಯಿ ಭೀಮಾಬಾಯಿ.

ಮೂರು ವರ್ಷದ ಹಿಂದೆ ಅವನ ಬಳಿ ಬಿಳಿಯ ಹಳೆಯ ಕಾರೊಂದಿತ್ತು. ಆ ಸಲ ಚಂಡಮಾರುತ ಬರುತ್ತದೆಂದು ಊರೆಲ್ಲ ಬಡಿದುಕೊಳ್ಳುತ್ತಿದ್ದಾಗ ವೃಂದಾ, "ಕಾರನ್ನ ಎಲ್ಲಾದರೂ ಎತ್ತರದಲ್ಲಿ ಬಿಟ್ಟು ಬನ್ನಿ" ಎಂದಿದ್ದಳು. ಕಿಟ್ಟು ಕಾಫಿ ಲೋಟದಿಂದ ತಲೆ ಎತ್ತದೆ, "ಒಂದೂ ಆಗೋಲ್ಲ, ಸುಮ್ಮನಿರು" ಎಂದಿದ್ದ. ಮರುದಿನ ಬೆಳಿಗ್ಗೆ ಕಾರು ತಾನೇ ಗೇಟು ದಾಟಿ ಹೊರಟಿತು. ಕಿಟ್ಟು ಎದೆಮಟ್ಟದ ನೀರಿಗಿಳಿದು, ಎಮ್ಮೆಯ ಬಾಲ ಹಿಡಿದವನ ಹಾಗೆ ಅದರ ಹಿಂದಿನ ಬಂಪರ್ ಹಿಡಿದುಕೊಂಡು ಬೀದಿಯ ಕೊನೆಯ ತನಕ ಹೋದ. ಯಾರೋ ಪುಣ್ಯಾತ್ಮರು ಮಹಡಿಯ ಮೇಲಿಂದ ಫೋಟೋ ತೆಗೆದರು. ಆ ಫೋಟೋ ಈಗಲೂ ಪ್ರತಿ ಮಳೆಗಾಲಕ್ಕೆ ಬೀದಿಯ ವಾಟ್ಸಾಪ್ ಗುಂಪಿಗೆ ಒಂದು ಸಲ ಬಂದು ಹೋಗುತ್ತದೆ.

ಕಾರು ಹೋದದ್ದಕ್ಕಿಂತ ದೊಡ್ಡದೊಂದು ಅಂದು ಕೊಚ್ಚಿಕೊಂಡು ಹೋಯಿತು. ವೃಂದಾ ಅವತ್ತಿನಿಂದ ಗಂಡನನ್ನು ಏನೂ ಕೇಳುವುದನ್ನು ಬಿಟ್ಟಳು. ಜಗಳವಿಲ್ಲ, ಮುಖ ಊದಿಸಿಕೊಂಡದ್ದಿಲ್ಲ, ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು. ಆದರೆ ಪರದೆಗೆ ಯಾವ ಬಣ್ಣ, ಮದುವೆಗೆ ಯಾವ ರೈಲು, ಫ್ಯಾನು ರಿಪೇರಿಯೋ ಹೊಸದೋ, ಎಲ್ಲವೂ ಅವನಿಗೆ ಗೊತ್ತಾಗುವ ಹೊತ್ತಿಗೆ ಮುಗಿದಿರುತ್ತಿದ್ದವು. ಹೊಸ ಕೆಂಪು ಕಾರು ಬಂದಿದ್ದೂ ಹಾಗೆಯೇ. ಕಿಟ್ಟು ಅದನ್ನು ಓಡಿಸಬಹುದಿತ್ತು, ಒರೆಸಬಹುದಿತ್ತು. ಈ ಕಾರೂ ನೀರುಪಾಲಾದರೆ ಈ ಮನೆಯಲ್ಲಿ ತನ್ನನ್ನು ಇನ್ನು ಯಾರೂ, ಸಾಯುವ ತನಕ, "ಏನು ಮಾಡೋಣ?" ಎಂದು ಕೇಳುವುದಿಲ್ಲ ಎಂಬುದು ಅವನಿಗೆ ಖಚಿತವಾಗಿತ್ತು. ಉಳಿದರೆ ಕೇಳಿಯಾರು ಎಂಬ ಆಸೆಯೂ ಇತ್ತು.

ಆದ್ದರಿಂದ ಈ ಅಕ್ಟೋಬರಿನ ಮಂಗಳವಾರ ಮಧ್ಯಾಹ್ನ ಟೀವಿಯಲ್ಲಿ ರೆಡ್ ಅಲರ್ಟ್ ಎಂದು ಬಂದದ್ದೇ ತಡ, ಕಿಟ್ಟು ಊಟದ ಎಲೆಯ ಮುಂದಿನಿಂದ ಎದ್ದ. ಚೆನ್ನೈಯಲ್ಲಿ ರೆಡ್ ಅಲರ್ಟ್ ಎಂದರೆ ಕಾರಿದ್ದವರೆಲ್ಲ ಫ್ಲೈಓವರಿಗೆ ಓಡುತ್ತಾರೆ. ಸಾಲಾಗಿ ಗೋಡೆಗೆ ಒತ್ತಿ ಕಾರು ನಿಲ್ಲಿಸಿ, ಬೀಗ ಹಾಕಿ, ನಿಶ್ಚಿಂತೆಯಿಂದ ಮನೆಗೆ ಹೋಗಿ ತಾವು ಮುಳುಗುತ್ತಾರೆ. ವೇಳಚ್ಚೇರಿಯ ಫ್ಲೈಓವರಿನಲ್ಲಿ ಆಗಲೇ ಜಾಗ ತುಂಬುತ್ತಿದೆ ಎಂದು ವಾಟ್ಸಾಪ್ ಕೂಗುತ್ತಿತ್ತು. ಕಿಟ್ಟು ಕೀ ಹಿಡಿದು ಬಾಗಿಲಿಗೆ ಬಂದ. ಬಾಗಿಲಲ್ಲಿ ಭೀಮಾಬಾಯಿ ನಿಂತಿದ್ದರು.

"ಎಲ್ಲಿಗೋ ಕಿಟ್ಟು?"

"ಕಾರು ಬಿಡೋಕೆ ಅಮ್ಮಾ. ಸೀಕ್ರಂ, ಬೇಗ ಹೋಗಬೇಕು."

"ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಈಗ ಮೂರು ಹೊಡೀತು. ಹೋದ ಸಲ ಏನಾಯ್ತು ಅಂತ ಗೊತ್ತಿದ್ದೂ ರಾಹುಕಾಲದಲ್ಲಿ ವಂಡಿ ತೆಗೀತೀಯಾ?"

ಹೋದ ಸಲ ಆದದ್ದಕ್ಕೂ ರಾಹುಕಾಲಕ್ಕೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಆದರೆ ಅಡುಗೆಮನೆಯಲ್ಲಿ ವೃಂದಾ ಪಾತ್ರೆಯ ಸದ್ದು ನಿಲ್ಲಿಸಿ ಕಿವಿಗೊಟ್ಟಿದ್ದಳು. ರಾಹುಕಾಲದಲ್ಲಿ ಹೊರಟು, ಕಾರಿಗೆ ಒಂದು ಗೀರು ಬಿದ್ದರೂ ಸಾಕು, ತಾಯಿ ಹೆಂಡತಿ ಇಬ್ಬರೂ ಒಂದೇ ಪಕ್ಷವಾಗುತ್ತಿದ್ದರು. ಕಿಟ್ಟು ಹಲ್ಲು ಕಚ್ಚಿಕೊಂಡು ಯೋಚಿಸಿದ. ಅವನಿಗೆ ಅಜ್ಜಿಯ ಕಾಲದ ಪದ್ಧತಿಯೊಂದು ನೆನಪಾಯಿತು. ಒಳ್ಳೆಯ ಹೊತ್ತಿನಲ್ಲಿ ಹೊರಡಲು ಆಗದವರು ತಮ್ಮ ಪಂಚೆಯನ್ನೋ ಕೊಡೆಯನ್ನೋ ಮುಂಚಿತವಾಗಿ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಿದ್ದರು. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಸಾಮಾನು ಹೊರಟರೆ ಮನುಷ್ಯನೂ ಹೊರಟ ಲೆಕ್ಕ.

"ಅಮ್ಮಾ, ಕಾರಿಗೆ ಪ್ರಸ್ಥಾನ ಇಡಬಹುದಾ?"

ಭೀಮಾಬಾಯಿ ಬೆರಳು ಮಡಚಿ ಏನೋ ಎಣಿಸಿದರು. "ಅದರ ಮೈಮೇಲಿಂದೇ ಏನಾದರೂ ಆಗಬೇಕು. ಮತ್ತೆ ಅದನ್ನ ನೀನು ತಗೊಂಡು ಹೋಗಕೂಡದು. ಗಡಿಯಾರ ಒಂದೆರಡು ನಿಮಿಷ ಮುಂದೆ ಇದೆ, ನಿಜಕ್ಕೂ ಇನ್ನೂ ಮೂರಾಗಿಲ್ಲ, ಬೇಗ ಕಳಿಸು."

ಕೆಳಗಿನ ಮನೆಯಲ್ಲಿ ಅಂದಾನಿ ಇದ್ದ. ಮೈಸೂರಿನ ಕಡೆಯವನು, ಪೆರುಂಗುಡಿಯ ಕಂಪನಿಯೊಂದರಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವನು. ಕಿಟ್ಟು ಅವನನ್ನು ಎಬ್ಬಿಸಿ, ಕಾರಿನ ಸ್ಟೆಪ್ನಿ ಟೈರನ್ನು ಅವನ ಬೈಕಿನ ಹಿಂದೆ ಕಟ್ಟಿ, ಮೇಲೊಂದು ಟವೆಲ್ ಹೊದಿಸಿದ.

"ಫ್ಲೈಓವರ್ ಮೇಲೆ ಒಳ್ಳೇ ಎಡಂ, ಜಾಗ ನೋಡಿ ಇದನ್ನ ಇಟ್ಟು ಬಾಪ್ಪಾ. ಪ್ರಸ್ಥಾನವೂ ಆಯ್ತು, ಸೀಟ್ ಹಿಡಿದ ಹಾಗೂ ಆಯ್ತು."

"ಬಸ್ಸಲ್ಲಿ ಟವಲ್ ಹಾಕೋದ್ ನೋಡಿದೀನಿ ಸಾರ್," ಎಂದ ಅಂದಾನಿ ಕಣ್ಣುಜ್ಜಿಕೊಳ್ಳುತ್ತ. "ಫ್ಲೈಓವರಿಗೆ ಹಾಕೋದನ್ನ ಇವತ್ತೇ ನೋಡ್ತಾ ಇರೋದು."

ನಾಲ್ಕೂವರೆ ಹೊಡೆಯುವ ತನಕ ಕಿಟ್ಟು ಡ್ರೈವರ್ ಸೀಟಿನಲ್ಲಿ, ಎಂಜಿನ್ ಆರಿಸಿಕೊಂಡು, ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಕುಳಿತಿದ್ದ. ಭೀಮಾಬಾಯಿ ಹಿಂದಿನ ಸೀಟಿನಲ್ಲಿ ಜಪಮಾಲೆ ಹಿಡಿದು ಕುಳಿತರು. ಪ್ರಸ್ಥಾನಕ್ಕೆ ಒಪ್ಪಿಗೆ ಕೊಟ್ಟವರೂ ಜೊತೆಗೆ ಬರಬೇಕು ಎಂದು ಅವರೇ ಹೊಸ ನಿಯಮ ಮಾಡಿಕೊಂಡರು. ಮುಹೂರ್ತ ಬಂತು. ಕಾರು ಹೊರಟಿತು.

ಫ್ಲೈಓವರಿನ ಮೇಲೆ ಎರಡೂ ಬದಿ ಇರುವೆ ಸಾಲಿನ ಹಾಗೆ ಕಾರುಗಳು. ಸ್ಟೆಪ್ನಿ ಇತ್ತು. ಆದರೆ ಅದರ ಸುತ್ತ ಜಾಗವಿರಲಿಲ್ಲ. ಯಾರೋ ಅದನ್ನು ಗೋಡೆಗೆ ಸರಿಸಿ ತಮ್ಮ ಜೀಪು ನಿಲ್ಲಿಸಿದ್ದರು. ಬೇಯಿಸಿದ ಕಡಲೆಯ ಸುಂಡಲ್ ಮಾರುವವನೊಬ್ಬ ಅದರ ಮೇಲೆ ಕುಳಿತು ಕಿಟ್ಟುವಿನ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದ. ಅಂದಾನಿ ಪಕ್ಕದಲ್ಲಿ ನಿಂತು ಸುಂಡಲ್ ತಿನ್ನುತ್ತಿದ್ದ.

"ನಾನ್ ಹೇಳ್ದೆ ಸಾರ್, ಇದು ಪ್ರಸ್ಥಾನ ಅಂತ. ಯಾರೂ ಕೇಳ್ಲಿಲ್ಲ."

ಕಿಟ್ಟು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಮನೆಗೆ ವಾಪಸು ಕಾರು ತೆಗೆದುಕೊಂಡು ಹೋಗುವುದೆಂದರೆ, ಬಾಗಿಲು ತೆರೆದ ವೃಂದಾ ಏನೂ ಹೇಳದೆ ಪಕ್ಕಕ್ಕೆ ಸರಿದು ನಿಲ್ಲುವುದು. ಆ ಸರಿದು ನಿಲ್ಲುವುದನ್ನು ಅವನು ಈ ಮೂರು ವರ್ಷದಲ್ಲಿ ಬೇಕಾದಷ್ಟು ನೋಡಿದ್ದ.

"ಅಲ್ಲಾ ಸಾರ್," ಎಂದ ಅಂದಾನಿ, "ಎತ್ತರದ ಜಾಗ ತಾನೇ ಬೇಕು? ಇಷ್ಟು ದೊಡ್ಡ ಊರಲ್ಲಿ ಒಂದು ಬೆಟ್ಟ ಇಲ್ವಾ? ನಮ್ಮ ಮೈಸೂರಲ್ಲಾಗಿದ್ರೆ ಚಾಮುಂಡಿಬೆಟ್ಟ..."

ಮದ್ರಾಸಿನಲ್ಲಿ ಇಲ್ಲ ಎಂಬ ಮಾತು ಕೇಳಿದರೆ ಕಿಟ್ಟುವಿಗೆ ಮೈ ಉರಿಯುತ್ತಿತ್ತು. "ಇಲ್ಲದೆ ಏನು? ಪರಂಗಿಮಲೈ ಇಲ್ಲವಾ? ನೀವು ಇಂಗ್ಲಿಷಲ್ಲಿ ಸೇಂಟ್ ಥಾಮಸ್ ಮೌಂಟ್ ಅಂತೀರಲ್ಲ, ಅದು. ಏರೋಪ್ಲೇನು ಅದನ್ನ ನೋಡಿಕೊಂಡೇ ಕೆಳಗೆ ಇಳಿಯುತ್ತೆ. ವಂಡಿ ಹತ್ತು!"

ಸ್ಟೆಪ್ನಿ ಡಿಕ್ಕಿಗೇರಿತು. ಪರಂಗಿಮಲೈಯ ಬುಡಕ್ಕೆ ಬಂದಾಗ ಅಂದಾನಿ ಬೈಕು ನಿಲ್ಲಿಸಿ ಮೇಲಕ್ಕೆ ನೋಡಿದ. ಆಮೇಲೆ ಇನ್ನೂ ಮೇಲೆ ನೋಡಿದ, ಅಲ್ಲಿ ಬರೀ ಆಕಾಶವಿತ್ತು.

"ಇಷ್ಟೇನಾ ಸಾರ್? ನಮ್ಮ ಕಡೆ ಇದಕ್ಕೆ ದಿಬ್ಬ ಅಂತೀವಿ."

"ನೀರಿಗೆ ಇಷ್ಟು ಸಾಕು. ನೀರು ಏನು ಚಾಮುಂಡಿಬೆಟ್ಟ ಹತ್ತಿ ಅಭ್ಯಾಸ ಮಾಡಿಕೊಂಡು ಬಂದಿರುತ್ತಾ?" ಎಂದ ಕಿಟ್ಟು.

ಬೆಟ್ಟದ ಅರ್ಧದಲ್ಲಿ ರಸ್ತೆ ಅಗಲವಾಗುವ ಕಡೆ ಬೇವಿನ ಮರಗಳಿದ್ದವು. ಅಲ್ಲಿ ಆಗಲೇ ಐದಾರು ಕಾರುಗಳು ಅಡ್ಡಾದಿಡ್ಡಿಯಾಗಿ ನಿಂತು, ಅವುಗಳ ಮಾಲೀಕರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಕಿಟ್ಟು ಕಾರಿನಿಂದಿಳಿದ. ಕಚೇರಿಯಲ್ಲಿ ಇಡೀ ಜೀವಮಾನ ಜನರನ್ನು ಸಾಲಿನಲ್ಲಿ ನಿಲ್ಲಿಸಿದ ಮನುಷ್ಯ ಅವನು. ಯೋಚನೆಯೇ ಮಾಡದೆ ಕೈ ಎತ್ತಿ, "ಸ್ವಾಮಿ, ನೀವು ರಿವರ್ಸ್ ಬನ್ನಿ. ಮೇಡಂ, ನೀವು ಮರದ ಕೆಳಗೆ. ಎಲ್ಲರೂ ಮೂತಿ ಕೆಳಗಡೆ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ" ಎಂದು ತಮಿಳಿನಲ್ಲಿ ಅಪ್ಪಣೆ ಮಾಡಿದ. ಕಲ್ಲು ಕೊಡುವ ಉಪಾಯ ಅಂದಾನಿಯದು. ಎಲ್ಲರೂ ಹೇಳಿದ ಹಾಗೆ ಮಾಡಿಬಿಟ್ಟರು! ಅದಾದ ಮೇಲೆ ಬಂದವರೆಲ್ಲ ಗಾಜು ಇಳಿಸಿ ನೇರವಾಗಿ ಅವನನ್ನೇ ಕೇಳತೊಡಗಿದರು.

"ಸಾರ್, ಇಲ್ಲಿ ನಿಲ್ಲಿಸಲಾ?"

"ಸಾರ್, ಕವರ್ ಹಾಕಲಾ, ಬೇಡವಾ?"

"ಸಾರ್, ಹ್ಯಾಂಡ್‌ಬ್ರೇಕ್ ಸಾಕಾ, ಗೇರಿನಲ್ಲೂ ಇಡಲಾ?"

ಕಿಟ್ಟುವಿಗೆ ಎಷ್ಟು ಸಂತೋಷವಾಯಿತೆಂದರೆ, ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತೆಂದು ಒರೆಸಿಕೊಂಡ. ಯಾರಾದರೂ ತನ್ನನ್ನು ಏನಾದರೂ ಕೇಳಿ ಎಷ್ಟು ಕಾಲವಾಗಿತ್ತು! ಕತ್ತಲಾಗುವ ಹೊತ್ತಿಗೆ ಪರಂಗಿಮಲೈ ತಾತ್ಕಾಲಿಕ ಕಾರು ಮಾಲೀಕರ ಸಂಘ ಹುಟ್ಟಿ, ಅದಕ್ಕೆ ವಾಟ್ಸಾಪ್ ಗುಂಪಾಗಿ, ಕಿಟ್ಟು ಕಾರ್ಯದರ್ಶಿಯಾಗಿದ್ದ. ಅಧ್ಯಕ್ಷರು ಬೇಡ, ಅವರಿಂದ ತೊಂದರೆಯೇ ಜಾಸ್ತಿ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಕಿಟ್ಟು ತಾಯಿಯನ್ನು ಆಟೋದಲ್ಲಿ ಮನೆಗೆ ಕಳಿಸಿದ. ರಾತ್ರಿಯ ಕಾವಲು ಅಂದಾನಿಗೆ ಹೋಯಿತು. ಅವನು ಕಿಟ್ಟುವಿನ ಕಾರಿನಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದ. ಪೆರುಂಗುಡಿಯಲ್ಲಿ ಸಿಗದ ಸಿಗ್ನಲ್ ಇಲ್ಲಿ ಸಿಗುತ್ತಿದೆಯೆಂದು ಬೆಟ್ಟದ ಬಗ್ಗೆ ಅವನಿಗೆ ಮೊದಲ ಸಲ ಗೌರವ ಬಂತು.

ಆಗ ಪೋಲೀಸರೊಬ್ಬರು ಬಂದರು. "ಇದೆಲ್ಲ ಏನು? ಯಾರು ಇಲ್ಲಿ ಇನ್‌ಚಾರ್ಜು?"

ಎಲ್ಲರ ಬೆರಳೂ ಕಿಟ್ಟುವಿನ ಕಡೆ ತಿರುಗಿದವು. ಪೋಲೀಸಿನವರು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ, "ಸಾರ್, ನಮ್ಮ ಮಚ್ಚಾನ್‌ದು, ಭಾವಮೈದುನಂದು, ಒಂದು ಕಾರಿದೆ. ಎಡಂ ಇರುತ್ತಾ?" ಎಂದರು. ಕಿಟ್ಟು ಬೇವಿನ ನೆರಳು ಕೊಟ್ಟ.

ಬುಧವಾರ ಬೆಳಿಗ್ಗೆ ಮಳೆ ಬರಬೇಕಿತ್ತು. ಮೋಡಗಳು ಬಂದವು, ಊರನ್ನೊಮ್ಮೆ ನೋಡಿದವು, ಆಂಧ್ರದ ಕಡೆ ಹೋದವು. ಆಮೇಲೆ ಬಿದ್ದ ಬಿಸಿಲು ಎಂಥದೆಂದರೆ, ಬೇಸಿಗೆಯಲ್ಲಿ ಬಾಕಿ ಉಳಿದದ್ದನ್ನೆಲ್ಲ ಒಂದೇ ದಿನ ತೀರಿಸುತ್ತಿರುವ ಹಾಗಿತ್ತು. ಬೆಟ್ಟದಿಂದ ಕೆಳಗೆ ನೋಡಿದರೆ ಊರಿಗೆ ಊರೇ ತಾರಸಿಯ ಮೇಲೆ ಬಟ್ಟೆ ಒಣಹಾಕಿಕೊಂಡು ನಿಂತಿತ್ತು.

ಹತ್ತರ ಹೊತ್ತಿಗೆ ಅಂದಾನಿಯ ತಾಯಿ ಸಾಕಮ್ಮ ಆಟೋದಲ್ಲಿ ಬಂದಿಳಿದರು. ಮಗನ ಮನೆಗೆ ಬಂದು ತಿಂಗಳಾಗಿತ್ತು. ಸಮುದ್ರ ನೋಡಿ ಅವರಿಗೆ ಬೇಜಾರಾಗಿತ್ತು. ಬೆಟ್ಟ ಎಂದ ಕೂಡಲೇ ಮಿಂದು ಮಡಿಯುಟ್ಟು, ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದುಬಿಟ್ಟಿದ್ದರು. ಜೊತೆಗೆ ಭೀಮಾಬಾಯಿಯೂ ಇದ್ದರು, ತಾವಿಲ್ಲದೆ ಏನೂ ಸರಿಯಾಗಿ ನಡೆಯುವುದಿಲ್ಲವೆಂದು.

ಚಾಮುಂಡಿಬೆಟ್ಟದಲ್ಲಿ ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟುಕೊಂಡು ಹತ್ತುತ್ತಾರೆ. ಈ ರಸ್ತೆಯಲ್ಲಿ ಮೆಟ್ಟಿಲು ಇರಲಿಲ್ಲ. ಸಾಕಮ್ಮ ಸುತ್ತಲೂ ನೋಡಿದರು. ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಕಾರುಗಳು ನಿಂತಿದ್ದವು. ಚಪ್ಪಲಿ ಬಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೆಳಗಿನ ಕಾರಿನ ಮೂತಿಗೆ ಮೂರು ಬೆರಳಲ್ಲಿ ಅರಿಶಿನ ಎಳೆದು ಕುಂಕುಮ ಇಟ್ಟು, ಕೈಮುಗಿದು, ಮುಂದಿನ ಕಾರಿಗೆ ಹೋದರು.

"ಅಯ್ಯೋ ಸಾಕಮ್ಮನವರೇ, ಏನಿದು?" ಭೀಮಾಬಾಯಿ ಗಾಬರಿಯಾದರು. "ಮೇಲೆ ಇರೋದು ಚರ್ಚು. ಇಲ್ಲಿ ಯಾರು ಮಂಜಳ್ ಕುಂಕುಮ ಇಡ್ತಾರೆ?"

"ಯಾರಾದ್ರೂ ಇರ್ಲಿ ಬುಡಿ ಅಮ್ಮಾರೆ," ಎಂದರು ಸಾಕಮ್ಮ, ಕೈ ನಿಲ್ಲಿಸದೆ. "ಅಷ್ಟ್ ಮ್ಯಾಲೆ ಹತ್ತಿ ಕೂತವ್ರೆ ಅಂದ್ರೆ ದೊಡ್ಡೋರೇ. ಮೆಟ್ಲಿಗ್ ಇಡೋದ್ನ ಕಾರಿಗ್ ಇಟ್ರೆ ಬ್ಯಾಡ ಅಂದಾರಾ?"

ಭೀಮಾಬಾಯಿ ಹತ್ತಿರ ಬಂದು ಬಗ್ಗಿ ನೋಡಿದರು. "ಬೊಟ್ಟು ಸೊಟ್ಟಗಿದೆ, ಕೊಡಿ ಇಲ್ಲಿ" ಎಂದು ಬಟ್ಟಲು ಕಿತ್ತುಕೊಂಡು ತಾವೂ ಶುರುಮಾಡಿದರು. ಕಾರಿನವರು ಮೊದಲು ಬೆರಗಾದರು, ಆಮೇಲೆ ಸಂಘದ ವತಿಯಿಂದ ಏರ್ಪಾಡಾಗಿದೆ ಎಂದುಕೊಂಡು ಸಾಲುಗಟ್ಟಿ ಕೇಳಿದರು. ದುಬಾರಿ ಕಾರಿನ ಯುವಕನೊಬ್ಬ, "ಅಮ್ಮಾ, ನನ್ನ ಕಾರಿಗೆ ಬಂಪರಿಗೂ ಇಡಿ" ಎಂದ. ಮಚ್ಚಾನ್ ಕಾರಿಗೆ ವಿಶೇಷವಾಗಿ ದೊಡ್ಡ ಬೊಟ್ಟು ಬಿತ್ತು.

ಆದರೆ ಬೊಟ್ಟಿಟ್ಟರೂ ಮಳೆ ಬರಲಿಲ್ಲ. ಮಧ್ಯಾಹ್ನದ ಮೇಲೆ ಜನಕ್ಕೆ ನಗು ಬರತೊಡಗಿತು, ಆಮೇಲೆ ಸಿಟ್ಟು. "ಇಳಿಯೋಣವಾ ಸಾರ್?" ಎಂದು ಗುಂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಬರೆದರು. ಕಿಟ್ಟು ಪ್ರತಿಯೊಬ್ಬರಿಗೂ, "ತಾಳ್ಮೆ. ಸಮುದ್ರದ ಮೇಲೆ ಇನ್ನೂ ಇದೆ" ಎಂದು ಉತ್ತರ ಕೊಟ್ಟ. ಸಮುದ್ರದ ಮೇಲೆ ಏನಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ರೆಡ್ ಅಲರ್ಟ್ ಆರೆಂಜಾಯಿತು. ಅರ್ಧ ಕಾರುಗಳು ಇಳಿದವು. ಆರೆಂಜು ಹಳದಿಯಾಯಿತು. ಮಚ್ಚಾನ್ ಕಾರೂ ಹೋಯಿತು. ಅಂದಾನಿ ಸಂಜೆ ಬಂದು, "ಸಾರ್, ನಮ್ಮವ್ವ ಒಬ್ರೇ ಅವ್ರೆ, ನಾನ್ ಹೊರಟೆ. ಸಿಗ್ನಲ್ಲು ಇಲ್ಲೇ ಚೆನ್ನಾಗಿತ್ತು" ಎಂದು ಬೇಜಾರಿನಿಂದಲೇ ಬೈಕು ಹತ್ತಿದ.

ವೃಂದಾಳಿಂದ ಒಂದೇ ಮೆಸೇಜು ಬಂತು: "ಹಾಸಿಗೆ ಹೊದಿಕೆ ಎಲ್ಲ ಒಗೆದು ಹಾಕಿದೆ. ಒಣಗಿತು."

ಕಿಟ್ಟು ಅದನ್ನು ಹಲವು ಸಲ ಓದಿದ. ಅದರಲ್ಲಿ ಪ್ರಶ್ನೆಯೇನೂ ಇರಲಿಲ್ಲ.

ಗುರುವಾರ ಬೆಟ್ಟದ ಮೇಲೆ ಉಳಿದದ್ದು ಒಂದೇ ಕಾರು, ಒಬ್ಬನೇ ಕಾರ್ಯದರ್ಶಿ. ಅಲರ್ಟನ್ನೇ ವಾಪಸು ತೆಗೆದುಕೊಂಡಿದ್ದರು. ವಾಟ್ಸಾಪ್ ಗುಂಪಿನಿಂದ ಎಲ್ಲರೂ ಹೊರಟುಹೋಗಿ, ಕೊನೆಯವರು ಹೋಗುವಾಗ ಕೈಮುಗಿಯುವ ಚಿತ್ರ ಹಾಕಿದ್ದರು. ಬೀದಿಯ ಗುಂಪಿನಲ್ಲಿ ಮಾತ್ರ ಹಳೆಯ ಫೋಟೋದ ಪಕ್ಕ ಹೊಸದೊಂದು ಬಂದಿತ್ತು: ಖಾಲಿ ಬೆಟ್ಟ, ಸುಡುವ ಬಿಸಿಲು, ಕುಂಕುಮ ಇಟ್ಟುಕೊಂಡ ಕೆಂಪು ಕಾರು, ಪಕ್ಕದಲ್ಲಿ ಕೊಡೆ ಬಿಡಿಸಿ ನಿಂತ ಕಿಟ್ಟು. ಈ ಸಲದ ಪುಣ್ಯಾತ್ಮರು ಯಾರೆಂದು ತಿಳಿಯಲಿಲ್ಲ.

ಅವನು ಯಾಕೆ ಇಳಿಯಲಿಲ್ಲ ಎಂದು ನೀವು ಕೇಳಬಹುದು. ಇಳಿದು, ಮಳೆ ಬಂದು, ಕಾರು ಮುಳುಗಿದರೆ ಅವನು ಎರಡು ಕಾರು ಮುಳುಗಿಸಿದವನು. ಇಳಿದು ಮಳೆ ಬರದಿದ್ದರೆ, ಮೂರು ದಿನ ಬಿಸಿಲಲ್ಲಿ ಬೆಟ್ಟ ಕಾದವನು. ಇಳಿಯದಿದ್ದರೆ ಇನ್ನೂ ಎರಡೂ ಆಗಿರುವುದಿಲ್ಲ. ಹೀಗೆ ಲೆಕ್ಕ ಹಾಕಿ, ನಾಲ್ಕೂ ಬಾಗಿಲು ಗಾಳಿಗೆ ತೆರೆದಿಟ್ಟು, ಒಳಗೆ ಕುಳಿತು ಬೆವರುತ್ತಿದ್ದ.

ಮಧ್ಯಾಹ್ನ ಆಟೋ ಒಂದು ಏದುಸಿರು ಬಿಡುತ್ತ ಹತ್ತಿ ಬಂತು. ವೃಂದಾ ಇಳಿದಳು. ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು. ಆಟೋದವನನ್ನು ಕಳುಹಿಸಿ, ಬಂದು ಪಕ್ಕದ ಸೀಟಿನಲ್ಲಿ ಕುಳಿತು, ಮೊಸರನ್ನದ ಡಬ್ಬಿ ತೆರೆದು ಗಂಡನ ತೊಡೆಯ ಮೇಲಿಟ್ಟಳು. ಅವನು ತಿಂದು ಮುಗಿಸಿದ. ಕೆಳಗೆ ವಿಮಾನವೊಂದು ನಿಧಾನವಾಗಿ ಇಳಿಯಿತು.

"ನೀನು ಬೈಯೋಕೆ ಬಂದೆ ಅಂತ ಗೊತ್ತು," ಎಂದ ಕಿಟ್ಟು. "ಬೈ ಪರವಾಯಿಲ್ಲ. ಆದರೆ ಕಾರಿಗೆ ಒಂದು ಗೀರು ಸಹ ಆಗಿಲ್ಲ, ನೀನೇ ನೋಡು. ಕುಂಕುಮ ಒರೆಸಿದ್ರೆ ಹೋಗುತ್ತೆ. ಈ ಸಲ ನಾನು ಒಂದೂ ತಪ್ಪು ಮಾಡಿಲ್ಲ ವೃಂದಾ. ಹೋದ ಸಲ ಕಾರು ಹೋಯ್ತು ಅಂತ ನಿನಗೆ ಎಷ್ಟು ಕೋಪ ಅಂತ..."

"ಕಾರಿಗೆ ನಾನು ಯಾವತ್ತು ಕೋಪ ಮಾಡ್ಕೊಂಡೆ?"

ಕಿಟ್ಟು ಖಾಲಿ ಡಬ್ಬಿಯನ್ನು ಅವಳ ಕೈಗೆ ಕೊಟ್ಟ.

"ಹೇಳಿ, ಯಾವತ್ತು? ಕಾರು ಹೋದ್ರೆ ಪೋಚು, ಇನ್ನೊಂದು ಬರುತ್ತೆ. ಬಂತಲ್ಲ." ವೃಂದಾ ಡಬ್ಬಿಯ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು. "ಅವತ್ತು ಮೆಟ್ಟಿಲಿನ ಮೇಲೆ ಅಮ್ಮನ್ನ ಹಿಡ್ಕೊಂಡು ನಿಂತಿದ್ದೆ. ನಿಮ್ಮನ್ನ ಕೂಗಿದೆ. ಗಂಟಲು ಹರಿಯೋ ಹಾಗೆ ಕೂಗಿದೆ. ಎದೆ ತನಕ ನೀರು. ನೀವು ಆ ದರಿದ್ರದ ಬಂಪರ್ ಹಿಡ್ಕೊಂಡು ಬೀದಿಯ ತಿರುವಿನಲ್ಲಿ ಕಾಣದೆ ಹೋದಿರಿ. ಎಲ್ಲರೂ ಆ ಫೋಟೋ ನೋಡಿ ನಗ್ತಾರೆ. ಆ ತಿರುವಿನಿಂದ ನೀವು ವಾಪಸು ಬರೋ ತನಕ ನಾನು ಏನಾಗಿದ್ದೆ ಅಂತ ಯಾರ ಹತ್ತಿರ ಫೋಟೋ ಇದೆ?"

ಗಾಳಿ ನಿಂತಿತ್ತು.

"ಹಾಗಾದರೆ ನನ್ನನ್ನ ಏನೂ ಕೇಳದೆ ಇದ್ದದ್ದು?"

"ಕೇಳೋಕೆ ಬಾಯಿ ತೆಗೆದ್ರೆ ಮೊದಲು ಇದನ್ನೇ ಕೇಳಬೇಕಾಗಿತ್ತು. ಕೂಗಿದ್ದು ಕಿವಿಗೆ ಬಿತ್ತಾ ಇಲ್ಲವಾ ಅಂತ. ಇಲ್ಲ ಅಂದ್ರೆ ಸರಿ. ಬಿತ್ತು ಅಂದುಬಿಟ್ರೆ ಏನು ಮಾಡಲಿ? ಅದಕ್ಕೆ ಕೇಳಲೇ ಇಲ್ಲ."

ಬಿದ್ದಿತ್ತು. ಮೊದಲನೆಯ ಕೂಗಿಗೇ ಬಿದ್ದಿತ್ತು. ಒಂದು ನಿಮಿಷ, ಈಗ ಹಿಡಿದು ನಿಲ್ಲಿಸಿಬಿಡುತ್ತೇನೆ ಎಂದುಕೊಂಡೇ ಅವನು ಬೀದಿಯ ಕೊನೆಯ ತನಕ ಹೋಗಿದ್ದ. ಇದನ್ನು ಹೇಳಲು ಕಿಟ್ಟುವಿಗೆ ಅರ್ಧ ಬಾಟಲಿ ನೀರು ಕುಡಿಯಬೇಕಾಯಿತು.

"ಬಿತ್ತು," ಎಂದ. "ಬಿದ್ದರೂ ಬಿಡಲಿಲ್ಲ. ತಪ್ಪು ನಂದೇ."

ವೃಂದಾ ತಲೆಯಾಡಿಸಿದಳು. ಅಳಲಿಲ್ಲ. ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ, ಕ್ಯಾರಿಯರಿನ ಕೊಕ್ಕೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವನ ಕಡೆ ತಿರುಗಿ, "ಸರಿ. ಈಗ ಏನು ಮಾಡೋಣ? ಹೇಳಿ" ಎಂದಳು.

ಮೂರು ವರ್ಷ ಕಾದ ಮಾತು. ಬೆಟ್ಟದ ಮೇಲೆ ಅಷ್ಟು ಜನಕ್ಕೆ ಅಪ್ಪಣೆ ಮಾಡಿದ ಕಾರ್ಯದರ್ಶಿ ಈಗ ಅಪ್ಪಣೆ ಮಾಡಲಿಲ್ಲ. ಕಾರಿನಿಂದಿಳಿದು ಸುತ್ತಿ ಬಂದು ಅವಳ ಮುಂದೆ ಕೈ ಚಾಚಿದ.

"ಇಳಿಯೋಣ. ನಡ್ಕೊಂಡು."

"ಈ ಬಿಸಿಲಲ್ಲಾ? ಕಾರು ಇದೆಯಲ್ಲ!"

"ಇರಲಿ ಅದು."

ವೃಂದಾ ಅವನಿಗೆ ಬಿಸಿಲು ತಲೆಗೇರಿದೆಯೇ ಎಂದು ಒಂದು ಕ್ಷಣ ನೋಡಿದಳು. ಆಮೇಲೆ ಕ್ಯಾರಿಯರನ್ನು ಸೀಟಿನ ಮೇಲೇ ಬಿಟ್ಟು, ಕೈ ಕೊಟ್ಟು ಇಳಿದಳು. ಮದುವೆಯಾದ ಹೊಸದರಲ್ಲಿ ಕೂಡ ಇಬ್ಬರೂ ಬೀದಿಯಲ್ಲಿ ಕೈ ಹಿಡಿದು ನಡೆದವರಲ್ಲ. ಪುರಸೈವಾಕ್ಕಂನಲ್ಲಿ ಹೆಜ್ಜೆಗೊಬ್ಬ ನೆಂಟರಿದ್ದರು. ಇಬ್ಬರಿಗೂ ನಾಚಿಕೆಯಾಯಿತು. ಆದರೂ ಬಿಡಲಿಲ್ಲ.

ಮೊದಲ ತಿರುವು ದಾಟುವಷ್ಟರಲ್ಲಿ ಬಿಸಿಲು ಕಂದಿತು. ಎರಡನೆಯದರಲ್ಲಿ ರಸ್ತೆಯ ಮೇಲೆ ಒಂದು ದಪ್ಪ ಹನಿ ಬಿತ್ತು. ಆಮೇಲೆ ಯಾವ ಅಲರ್ಟೂ ಇಲ್ಲದೆ, ಯಾವ ಬಣ್ಣವೂ ಇಲ್ಲದೆ, ಆಂಧ್ರಕ್ಕೆ ಹೋಗಿದ್ದ ಮಳೆಯೆಲ್ಲ ವಿಳಾಸ ತಪ್ಪಿದ್ದು ಗೊತ್ತಾಗಿ ವಾಪಸು ಬಂದ ಹಾಗೆ ಸುರಿಯತೊಡಗಿತು.

"ಏನೂಂದ್ರೆ!" ವೃಂದಾ ಮಳೆಯ ಸದ್ದಿನ ಮೇಲೆ ಕೂಗಿದಳು. "ಕಾರಿನ ಬಾಗಿಲು! ನಾಲ್ಕೂ ತೆಗೆದೇ ಇದೆ!"

ಕಿಟ್ಟು ತಿರುಗಿ ನೋಡಿದ. ಮೇಲೆ, ಬೇವಿನ ಮರದಾಚೆ, ಕೆಂಪು ಕಾರು ನಾಲ್ಕೂ ಬಾಗಿಲು ಹಾರುಹೊಡೆದುಕೊಂಡು ಮಳೆಯನ್ನು ಒಳಗೆ ಕರೆಯುತ್ತಿತ್ತು. ಬೆಟ್ಟದ ಮೇಲಿಟ್ಟ ಕಾರಿಗೆ ನೀರು ತುಂಬಿಸಿದ ಕೀರ್ತಿ ಚೆನ್ನೈಯಲ್ಲಿ ಬಹುಶಃ ಅವನೊಬ್ಬನಿಗೇ ಸೇರಬೇಕು. ಅವನ ಬಲಗಾಲು ಅಭ್ಯಾಸದಿಂದ ಒಂದು ಹೆಜ್ಜೆ ಮೇಲಕ್ಕೆ ಹೋಯಿತು.

ವೃಂದಾಳನ್ನು ಹಿಡಿದಿದ್ದ ಕೈ ಹೋಗಲಿಲ್ಲ. ಕಿಟ್ಟು ಕಾಲನ್ನು ವಾಪಸು ತಂದು, "ಹಳ್ಳ ಇದೆ, ಈ ಕಡೆ ಬಾ" ಎಂದು ಹೆಂಡತಿಯನ್ನು ರಸ್ತೆಯ ಒಳಬದಿಗೆ ಎಳೆದುಕೊಂಡು, ಅವಳ ಹೆಜ್ಜೆ ನೋಡುತ್ತ ನಿಧಾನವಾಗಿ ಇಳಿಯತೊಡಗಿದ.